ಕ್ರೂಸರ್ ಹತ್ತಿ ದ್ವೀಪಕ್ಕೆ ಹೊರಡುವವರಿಗೆ

ಭಾರತೀನಗರ ಮತ್ತು ಸುತ್ತಿನ ಊರುಗಳಲ್ಲಿ ಒಂದು ದಿನದ ಪ್ರವಾಸ ಏರ್ಪಡಿಸುವ ಶಾಲೆಯ ಮೇಷ್ಟ್ರುಗಳೇ, ಕಾಲೇಜಿನ ಅಧ್ಯಾಪಕರೇ, ಸ್ತ್ರೀಶಕ್ತಿ ಸಂಘಗಳ ಅಕ್ಕಂದಿರೇ, ಯುವಕ ಸಂಘಗಳ ತಮ್ಮಂದಿರೇ,



ನಮ್ಮ ಕಡೆ ಕ್ರೂಸರ್ ಅಂದರೆ ಹಡಗಲ್ಲ, ಬಾಡಿಗೆ ಗಾಡಿ. ಸೀಟು ಎಷ್ಟೇ ಇರಲಿ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪುಳಿಯೋಗರೆಯ ಡಬ್ಬಿಯನ್ನು ಕಾಲ ಸಂದಿಗೆ ಸಿಕ್ಕಿಸಿಕೊಂಡು, ಮಾದಪ್ಪನ ಬೆಟ್ಟಕ್ಕೋ ತಲಕಾಡಿಗೋ ಹೋಗಿಬರುವ ಗಾಡಿ. ಸಮುದ್ರದ ಮೇಲೆ ತೇಲುವ ಕ್ರೂಸ್ ಬೇರೆ ಲೋಕದ್ದು. ಆ ಲೋಕವೂ ಈಗ ಬಹಳ ದೂರದ್ದಲ್ಲ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕೆಲಸದಲ್ಲಿರುವ ಮಕ್ಕಳು ಕಳಿಸಿದ ಬಿಳಿ ಗೋಡೆ, ನೀಲಿ ಗುಮ್ಮಟದ ಫೋಟೊ ಕಬ್ಬಿನ ಗದ್ದೆಯ ಬದುವಿನಲ್ಲಿ ನಿಂತವರ ಮೊಬೈಲಿಗೂ ಬಂದು ಬೀಳುತ್ತದೆ. ಮೆಡಿಟರೇನಿಯನ್ ಸಮುದ್ರದ ಯಾವುದೋ ದ್ವೀಪ. ಹಡಗು ಬೆಳಿಗ್ಗೆ ಅಲ್ಲಿಗೆ ತಲುಪುತ್ತದೆ, ಸಂಜೆ ಬಿಡುತ್ತದೆ, ನಡುವಿನ ತಾಸುಗಳಲ್ಲಿ ಒಂದು ದ್ವೀಪ 'ಮುಗಿದುಹೋಗುತ್ತದೆ'. ಆ ಪ್ರವಾಸಕ್ಕೂ ನಮ್ಮ ಕ್ರೂಸರ್ ಪ್ರವಾಸಕ್ಕೂ ದುಡ್ಡಿನಲ್ಲಿ ಅಜಗಜಾಂತರವಿದೆ. ನೋಡುವ ಕ್ರಮದಲ್ಲಿ ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆ ಕ್ರಮ ಬದಲಾಗಬೇಕು ಎಂದು ಕೇಳಲು ಈ ಪತ್ರ. ನಿಮ್ಮ ಕೈಯಲ್ಲಿರುವುದು ಆರು, ಹೆಚ್ಚೆಂದರೆ ಏಳು ತಾಸು. ಅದನ್ನು ನಾಲ್ಕು ಊರಿಗೆ ಹಂಚಬೇಡಿ, ಒಂದು ನಡುಗಡ್ಡೆಗೆ ಇಡಿಯಾಗಿ ಕೊಡಿ. ಆ ನಡುಗಡ್ಡೆ ದೂರದ್ದೂ ಅಲ್ಲ, ಮಳವಳ್ಳಿ ದಾಟಿದರೆ ಸಿಗುವ ಶಿವನಸಮುದ್ರ.

ಹಡಗಿನವರ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ಮೊದಲು ನೋಡೋಣ. ಒಂದೊಂದು ದೊಡ್ಡ ಹಡಗಿನಲ್ಲಿ ಮೂರರಿಂದ ಐದು ಸಾವಿರ ಜನ ಇರುತ್ತಾರೆ. ಬೆಳಿಗ್ಗೆ ಎಂಟರ ಸುಮಾರಿಗೆ ಇಳಿಸುತ್ತಾರೆ, ಸಂಜೆ ಇಂತಿಷ್ಟು ಗಂಟೆಯೊಳಗೆ ಹಡಗಿನಲ್ಲಿರಬೇಕು ಎಂಬ ಕಟ್ಟಪ್ಪಣೆ. ತಾವೇ ಸುತ್ತಲು ಹೋಗಿ ತಡಮಾಡಿದವರಿಗಾಗಿ ಹಡಗು ಕಾಯುವುದಿಲ್ಲ. ಊಟ-ತಿಂಡಿಯ ದುಡ್ಡು ಟಿಕೆಟ್ಟಿನಲ್ಲೇ ಸೇರಿರುವುದರಿಂದ ಹೊಟ್ಟೆ ತುಂಬಿಸಿಕೊಂಡು ಇಳಿಯುತ್ತಾರೆ, ಹಸಿವಾದಾಗ ಹತ್ತುತ್ತಾರೆ. ಊರು ಸುತ್ತಿಸುವ ಬಸ್ಸನ್ನೂ ಬಹುಪಾಲು ಹಡಗಿನವರೇ ಗೊತ್ತುಮಾಡಿ ತಮ್ಮ ಪಾಲು ಇಟ್ಟುಕೊಂಡಿರುತ್ತಾರೆ. ಇದು ನಮ್ಮ ರಾಜ್ಯದಲ್ಲಿ ನಡೆಯದ ಸಂಗತಿಯೇನಲ್ಲ. ಮಂಗಳೂರಿನ ಪಣಂಬೂರು ಬಂದರಿಗೆ ಇಂಥ ಹಡಗುಗಳು ಬರುತ್ತವೆ. ಇಳಿದವರು ಕದ್ರಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲಿನ ಚಿತ್ರಗಳು, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎಂದು ಸುತ್ತಿ, ಸಂಜೆಗೆ ಹಡಗು ಹತ್ತಿ ಹೊರಟುಬಿಡುತ್ತಾರೆ. ಅವರು ಎಲ್ಲಿಂದ ಬಂದರು, ಏನು ಕಂಡರು ಎಂಬುದು ಮಂಗಳೂರಿಗೂ ಗೊತ್ತಾಗುವುದಿಲ್ಲ, ಮಂಗಳೂರಿನವರು ಯಾರು ಎಂಬುದು ಅವರಿಗೂ.

ಮೆಡಿಟರೇನಿಯನ್ನಿನ ದ್ವೀಪಗಳು ಇದನ್ನು ದಶಕಗಳ ಕಾಲ ಉಂಡು, ಈಗ ಒಂದೊಂದಾಗಿ ಬಾಗಿಲಿಗೆ ಅಗಳಿ ಹಾಕುತ್ತಿವೆ. ಗ್ರೀಸಿನ ಸ್ಯಾಂಟೊರಿನಿಯಲ್ಲಿ ನೆಲೆಸಿರುವವರು ಸುಮಾರು ಹದಿನೈದು ಸಾವಿರ. 2024ರ ಜುಲೈನಲ್ಲಿ, ಒಂದೇ ದಿನ 17,000 ಜನ ಬರುತ್ತಾರೆಂದು ಲೆಕ್ಕ ಹಾಕಿದ ಅಲ್ಲಿನ ಜನಪ್ರತಿನಿಧಿಯೊಬ್ಬರು, ಆ ದಿನ ಓಡಾಟ ಕಡಿಮೆ ಮಾಡಿ ಎಂದು ಊರಿನವರಿಗೇ ಬರೆದು, ಬೈಸಿಕೊಂಡು, ಬರೆದದ್ದನ್ನು ಅಳಿಸಿದರು. ನೆಂಟರು ಬರುತ್ತಾರೆ, ಮನೆಯವರು ಕೋಣೆಯೊಳಗೇ ಇರಿ ಎಂದಹಾಗಾಯಿತು. ಹಡಗಿನಿಂದ ಇಳಿಯುವವರು ದಿನಕ್ಕೆ 8,000 ಮೀರಕೂಡದು ಎಂಬ ಮಿತಿ ಅಲ್ಲಿ ಈಗ ಇದೆ. 2025ರ ಜುಲೈನಿಂದ, ಜನ ಮುಗಿಬೀಳುವ ತಿಂಗಳುಗಳಲ್ಲಿ, ಹಡಗಿನಿಂದ ಇಳಿಯುವ ಪ್ರತಿಯೊಬ್ಬರಿಗೂ 20 ಯೂರೊ ಸುಂಕ. ಸ್ಪೇನಿನ ಪಾಲ್ಮಾ ಬಂದರು 2022ರಿಂದ ದಿನಕ್ಕೆ ಮೂರೇ ಹಡಗು ಎಂದಿತು. ನನಗೆ ಎಲ್ಲಕ್ಕಿಂತ ಹೆಚ್ಚು ಮುಖ್ಯವೆನಿಸುವುದು ವೆನಿಸಿನ ನಿರ್ಧಾರ. 2024ರ ಏಪ್ರಿಲ್ 25ರಿಂದ ಅದು, ಜನ ಹೆಚ್ಚು ಬರುವ ದಿನಗಳಂದು, ತಲೆಗೆ 5 ಯೂರೊ ವಸೂಲಿ ಮಾಡತೊಡಗಿತು. ಆದರೆ ಯಾರಿಂದ? ರಾತ್ರಿ ಉಳಿದುಕೊಳ್ಳುವವರಿಂದಲ್ಲ. ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ ಮಾತ್ರ. ಅಂದರೆ ನೂರಾರು ವರ್ಷ ಪರದೇಶದವರನ್ನೇ ನಂಬಿ ಬಾಳಿದ ಒಂದು ಊರು, ಜನ ಬರುವುದು ತಪ್ಪೆಂದು ಹೇಳಲಿಲ್ಲ. ಬಂದ ಕಾಲಲ್ಲೇ ಹೋಗುವುದಕ್ಕೆ ಬೆಲೆ ಕಟ್ಟಿತು.

ಈಗ ನಮ್ಮ ಗಾಡಿಗೆ ಬರೋಣ. ನಮ್ಮೂರಿನಿಂದ ಹೊರಡುವ ಪ್ರವಾಸದ ಪಟ್ಟಿ ಹೇಗಿರುತ್ತದೆಂದು ನಿಮಗೇ ಗೊತ್ತು, ಅದನ್ನು ಬರೆಯುವವರು ನೀವೇ. ಸೋಮನಾಥಪುರ, ತಲಕಾಡು, ಗಗನಚುಕ್ಕಿ, ಸಮಯವಿದ್ದರೆ ಮುತ್ತತ್ತಿ, ಡ್ರೈವರ್ ಒಪ್ಪಿದರೆ ಶ್ರೀರಂಗಪಟ್ಟಣ. ಆರಕ್ಕೆ ಹೊರಡುವುದೆಂದು ಹೇಳಿ ಏಳೂವರೆಗೆ ಹೊರಡುವ ಪದ್ಧತಿಯನ್ನು ಬಿಟ್ಟೇಬಿಡೋಣ. ಹೆಂಗಸರ ಸಂಘದ ಪ್ರವಾಸವಾದರೆ ಗಡಿಯಾರ ಇನ್ನೂ ಬಿಗಿ: ಬೆಳಗಿನ ಹಾಲು ಕರೆದು, ಡೇರಿಗೆ ಹಾಕಿ, ಮನೆಯವರಿಗೆ ತಿಂಡಿ ಮಾಡಿಟ್ಟು ಹೊರಟವರು ಸಂಜೆಯ ಹಾಲಿನ ಹೊತ್ತಿಗೆ ವಾಪಸಾಗಬೇಕು. ಹಸುವಿಗೆ ಪ್ರವಾಸ ಗೊತ್ತಿಲ್ಲ, ಡೇರಿಯ ಸೆಕ್ರೆಟರಿ ಕ್ಯಾನು ಮುಚ್ಚಿ ಹೋಗುತ್ತಾನೆ. ಹಡಗಿನ ಸೈರನ್ನಿಗಿಂತ ಕಟ್ಟುನಿಟ್ಟಾದ ಕರೆ ಅದು. ಬೆಳಿಗ್ಗೆ ಎಂಟರಿಂದ ಸಂಜೆ ಐದರ ತನಕ ಒಂಬತ್ತು ತಾಸು. ಶಿವನಸಮುದ್ರಕ್ಕೆ ಹೋಗಿಬರಲು ಎರಡೂವರೆ ತಾಸು ಕಳೆಯಿರಿ, ಉಳಿಯುವುದು ಆರೂವರೆ. ಅದೇ ಆರೂವರೆಯಲ್ಲಿ ಮೂರು ಜಾಗ ಸೇರಿಸಿದರೆ, ದಾರಿಗೆ ಇನ್ನೆರಡು ತಾಸು ಹೋಗುತ್ತದೆ. ಇಳಿಯುವುದು, ಹತ್ತುವುದು, ಶೌಚಾಲಯ ಹುಡುಕುವುದು, ತಪ್ಪಿಸಿಕೊಂಡ ಹುಡುಗನನ್ನು ಹುಡುಕುವುದು ಎಂದು ಇನ್ನೊಂದು ತಾಸು. ಒಂದೊಂದು ಜಾಗಕ್ಕೆ ಮುಕ್ಕಾಲು ತಾಸು, ಒಂದು ತಾಸು. ಹದಿಮೂರನೇ ಶತಮಾನದಲ್ಲಿ ಪ್ರತಿಷ್ಠೆಯಾಗಿ, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸೋಮನಾಥಪುರದ ಗುಡಿಗೆ ಮುಕ್ಕಾಲು ತಾಸು ಎಂದರೆ, ಗ್ರೂಪ್ ಫೋಟೊ ತೆಗೆಯುವುದಕ್ಕೆ ಮಾತ್ರ ಸಾಕು.

ಗಗನಚುಕ್ಕಿಯ ವಿಚಾರದಲ್ಲಂತೂ ತಮಾಷೆ ಇನ್ನೂ ದೊಡ್ಡದು. ಶಿವನಸಮುದ್ರ ನೋಡಿಬಂದೆವು ಎನ್ನುವ ನಮ್ಮ ಪ್ರವಾಸಿಗರಲ್ಲಿ ಹೆಚ್ಚಿನವರು ಶಿವನಸಮುದ್ರಕ್ಕೆ ಕಾಲಿಟ್ಟೇ ಇರುವುದಿಲ್ಲ. ಕಾವೇರಿ ಅಲ್ಲಿ ಎರಡು ಕವಲಾಗಿ ಒಡೆದು, ನಡುವೆ ಸುಮಾರು ಐದು ಕಿ.ಮೀ. ಉದ್ದದ ನೆಲವನ್ನು ಬಳಸಿ ಹರಿಯುತ್ತಾಳೆ. ಪಡುವಣ ಕವಲು ಗಗನಚುಕ್ಕಿಯಾಗಿ ಬೀಳುತ್ತದೆ, ಮೂಡಣ ಕವಲು ಭರಚುಕ್ಕಿಯಾಗಿ. ಮಳವಳ್ಳಿ ತಾಲ್ಲೂಕಿನ ದಡದಲ್ಲಿರುವ ವೀಕ್ಷಣಾ ಕಟ್ಟೆಯ ಮೇಲೆ ನಿಂತು ನಾವು ನೋಡುವುದು ಆಚೆಯ ದ್ವೀಪದ ಅಂಚನ್ನು. ಹಡಗಿನ ಕಟಕಟೆ ಹಿಡಿದು ದ್ವೀಪ ನೋಡಿದಂತೆಯೇ ಅದು. ಹಡಗಿನವರಾದರೂ ಕೆಲವು ತಾಸು ಇಳಿದಿರುತ್ತಾರೆ. ನಾವು ಇಳಿಯುವುದೇ ಇಲ್ಲ. ದ್ವೀಪಕ್ಕೆ ಹೋಗಬೇಕಾದರೆ ಸತ್ತೇಗಾಲದ ಕಡೆಗೆ ಬಂದು, ಹೊಳೆ ದಾಟಿ, ಒಳದಾರಿ ಹಿಡಿಯಬೇಕು. ಹೊಳೆಯ ಆಚೆ ಚಾಮರಾಜನಗರ ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕು. 1956ರ ನವೆಂಬರ್ ಒಂದರವರೆಗೆ ಅದು ನಮ್ಮ ರಾಜ್ಯವೂ ಆಗಿರಲಿಲ್ಲ. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಳವಳ್ಳಿಯ ಕಡೆಯವರು ದ್ವೀಪದ ಮೇಲಿನ ರಂಗನಾಥನ, ಅಂದರೆ ಮಧ್ಯರಂಗನ, ಗುಡಿಗೆ ಹೋಗುವುದೆಂದರೆ, ಮೈಸೂರು ಸೀಮೆ ಬಿಟ್ಟು ಮದರಾಸಿನ ಆಡಳಿತದೊಳಕ್ಕೆ ಕಾಲಿಡುವುದಾಗಿತ್ತು. ನಮ್ಮ ಮನೆಯ ಮುಂದಿನ ಪರದೇಶ ಅದು. ಶಾಲೆಯ ಮಕ್ಕಳಿಗೆ ಭಾಷಾವಾರು ಪ್ರಾಂತ್ಯ, ಏಕೀಕರಣ ಎಂದು ಕಂಠಪಾಠ ಮಾಡಿಸುವ ಮೇಷ್ಟ್ರುಗಳು ಹೊಳೆ ದಾಟುವ ಸೇತುವೆಯ ನಡುವೆ ಮಕ್ಕಳನ್ನು ನಿಲ್ಲಿಸಿ ಇದೊಂದು ಮಾತು ಹೇಳಿದರೆ, ಪಾಠದ ಅರ್ಧ ಮುಗಿದಂತೆ.

'ಅಲ್ಲಿ ದಿನವಿಡೀ ನೋಡೋಕೆ ಏನಿದೆ?' ಎಂಬುದು ನಾನು ನಿರೀಕ್ಷಿಸುವ ಮೊದಲ ಪ್ರಶ್ನೆ. ಸೇತುವೆಯಿಂದಲೇ ಶುರುಮಾಡಿ. ದ್ವೀಪಕ್ಕೆ ದಾಟಲು ಕಲ್ಲುಕಂಬಗಳ ಮೇಲೆ ನಿಲ್ಲಿಸಿದ ಎರಡು ಹಳೆಯ ಸೇತುವೆಗಳಿದ್ದವು. ಮದರಾಸಿನ ಗವರ್ನರನಾಗಿದ್ದ ಲಷಿಂಗ್ಟನ್ನಿನ ಹೆಸರು ಒಂದಕ್ಕೆ, ವೆಲ್ಲೆಸ್ಲಿಯ ಹೆಸರು ಇನ್ನೊಂದಕ್ಕೆ. (ಶ್ರೀರಂಗಪಟ್ಟಣದ ಕಲ್ಲುಸೇತುವೆಗೂ ವೆಲ್ಲೆಸ್ಲಿಯದೇ ಹೆಸರು, ಇವೆರಡನ್ನು ಕಲಸಿಕೊಳ್ಳಬೇಡಿ.) 1830ರ ಸುಮಾರಿಗೆ ಇವನ್ನು ನಿಲ್ಲಿಸಿದ್ದು ಸರ್ಕಾರವಲ್ಲ, ರಾಮಸ್ವಾಮಿ ಮುದಲಿಯಾರ್ ಎಂಬ ಒಬ್ಬ ಮನುಷ್ಯ. ಕಾಡು ಬೆಳೆದು ಪಾಳುಬಿದ್ದಿದ್ದ ನಡುಗಡ್ಡೆಯಲ್ಲಿ ನೆಲೆನಿಂತು, ಗುಡಿಗಳನ್ನು ಸರಿಮಾಡಿಸಿ, ಬಂದವರು ತಂಗಲು ಅನುಕೂಲ ಮಾಡಿ, ಹೊಳೆಗೆ ಕಂಬ ನೆಟ್ಟರು. ಕಂಪನಿ ಸರ್ಕಾರ ಮೆಚ್ಚಿ 'ಜನೋಪಕಾರ ಕಾಮಕರ್ತ' ಎಂಬ ಬಿರುದನ್ನೂ ಜಹಗೀರನ್ನೂ ಕೊಟ್ಟಿತು. ಉದ್ದುದ್ದ ಕಲ್ಲುಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಮೇಲೆ ತೊಲೆ ಹೇರಿ, ಅದರ ಮೇಲೆ ಚಪ್ಪಡಿ ಹಾಸಿದ ಕಟ್ಟಡ. ಮನೆಯ ಹಜಾರ ಕಟ್ಟುವ ಕೈಯೇ ಹೊಳೆಗೂ ಕೈಹಚ್ಚಿದಂತೆ ಕಾಣುತ್ತದೆ. ನೂರೆಂಬತ್ತಕ್ಕೂ ಹೆಚ್ಚು ಮಳೆಗಾಲ ತಡೆದುಕೊಂಡ ವೆಲ್ಲೆಸ್ಲಿ ಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಉಳಿಯಲು ಬಂದ ಒಬ್ಬನು ಮಾಡಿದ ಕೆಲಸ, ನೋಡಲು ಬಂದ ಲಕ್ಷ ಜನರಿಂದ ಆಗಲಿಲ್ಲ ಎಂದು ಹೇಳಿದರೆ ಕಟುವಾಯಿತೆಂದು ಅನ್ನಿಸಬಹುದು. ಆದರೆ ದ್ವೀಪವೊಂದಕ್ಕೆ ದಾರಿ ಮಾಡಿದವರು ಯಾರು ಎಂದು ಕೇಳುವಷ್ಟೂ ಬಿಡುವಿಲ್ಲದ ಪ್ರವಾಸ ಎಂಥದು?

ಇಲ್ಲಿ ಭಕ್ತರ ಆಕ್ಷೇಪವೊಂದಿದೆ. ಅದು ತೂಕದ್ದು, ತಳ್ಳಿಹಾಕುವಂಥದ್ದಲ್ಲ. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ತಿರುಚಿನಾಪಳ್ಳಿಯ ಬಳಿಯ ಶ್ರೀರಂಗದ ಅಂತ್ಯರಂಗ, ಈ ಮೂರನ್ನೂ ಒಂದೇ ದಿನದಲ್ಲಿ ಕಂಡರೆ ಪುಣ್ಯ ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ. ಅದಕ್ಕೆಂದೇ ಗಾಡಿ ಮಾಡಿಕೊಂಡು ಹೋಗುವವರಿದ್ದಾರೆ. ಸಂಪ್ರದಾಯವೇ ಒಂದು ದಿನದಲ್ಲಿ ಮೂರು ದ್ವೀಪ ಸುತ್ತು ಎನ್ನುವಾಗ, ಒಂದೇ ದ್ವೀಪಕ್ಕೆ ಒಂದು ದಿನ ಕೊಡು ಎನ್ನಲು ನೀನ್ಯಾರು ಎಂದು ಯಾರಾದರೂ ಕೇಳಬಹುದು. ನನ್ನ ಉತ್ತರ ಇಷ್ಟೆ. ಅದು ವ್ರತ. ವ್ರತದಲ್ಲಿ ಓಟವೂ ಒಂದು ಹರಕೆ, ಆಯಾಸವೂ ಒಂದು ಕಾಣಿಕೆ. ಅದರಲ್ಲೂ ಮೂರು ಕಡೆ ಹೊಳೆ ದಾಟಿ, ಮೂರು ಕಡೆ ಗರ್ಭಗುಡಿಯ ಮುಂದೆ ನಿಂತು ಕೈಮುಗಿಯಲೇಬೇಕು; ಎದುರು ದಡದಿಂದ ನೋಡಿದರೆ ಲೆಕ್ಕಕ್ಕಿಲ್ಲ. ಮೂರೂ ಕಾವೇರಿಯ ನಡುಗಡ್ಡೆಗಳು ಎಂಬುದನ್ನು ಮರೆಯಬೇಡಿ. ಅರಂಗಂ ಎಂಬ ತಮಿಳು ಪದಕ್ಕೆ ಹೊಳೆನಡುವಣ ನೆಲವೆಂಬ ಅರ್ಥವೇ ಇದೆ. ನಮ್ಮಲ್ಲಿ ತಿಟ್ಟು ಎನ್ನುತ್ತೇವೆ, ರಂಗನತಿಟ್ಟಿನ ತಿಟ್ಟು ಅದೇ. ಕರಾವಳಿಯವರು ಕುದ್ರು ಎನ್ನುತ್ತಾರೆ. ಇಷ್ಟು ಹೆಸರಿಟ್ಟು ಕರೆದ ಜನಕ್ಕೆ ನಡುಗಡ್ಡೆ ಎಂದರೆ ದೇವರು ಮಲಗುವಷ್ಟು ನಿಶ್ಶಬ್ದವಾದ ಜಾಗ ಎಂಬ ಕಲ್ಪನೆ ಇತ್ತು. ಮಧ್ಯರಂಗನೂ ಮಲಗಿಯೇ ಇದ್ದಾನೆ. ಅವನ ಪಕ್ಕದಲ್ಲಿ ಸೋಮೇಶ್ವರನ ಗುಡಿ, ಆಚೆ ಗಗನಚುಕ್ಕಿಯ ತಲೆಯ ಮೇಲೆ ಹಜರತ್ ಮರ್ದಾನೆ ಗೈಬ್ ದರ್ಗಾ. ವೈಷ್ಣವರು, ಶೈವರು, ಮುಸ್ಲಿಮರು ಮೂವರೂ ಒಂದೇ ಚಿಕ್ಕ ನೆಲದ ಮೇಲೆ ತಮ್ಮ ಜಾಗ ಹಿಡಿದು ಕೂತಿದ್ದಾರೆ. ಹಾಗೆ ಕೂರಲು ಅವರಿಗೆ ಶತಮಾನಗಳು ಹಿಡಿದವು, ನಡೆದು ನೋಡಲು ನಮಗೆ ಅರ್ಧ ದಿನ ಸಾಕು.

ಹೊಳೆಯ ಈಚೆಗೂ ಒಂದು ಲೋಕವಿದೆ, ಅದನ್ನು ಊರಿನವರು ಬ್ಲಫ್ ಎಂದು ಕರೆಯುತ್ತಾರೆ. 1902ರಲ್ಲಿ ಇಲ್ಲಿ ಹುಟ್ಟಿದ ವಿದ್ಯುತ್ತು, ಆ ವರ್ಷದ ಜೂನ್ 30ರಂದು, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೇಲೆ ಹರಿಯಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅಷ್ಟುದ್ದದ ತಂತಿ ಅಪರೂಪ. ದಿವಾನ್ ಶೇಷಾದ್ರಿ ಅಯ್ಯರ್ ಬೆನ್ನಿಗೆ ನಿಂತರು, ಜೋಲಿ ದ ಲಾಟ್‌ಬಿನಿಯೆ ಎಂಬ ಎಂಜಿನಿಯರ್ ಲೆಕ್ಕ ಹಾಕಿದ. ಮೇಲಿನಿಂದ ಕಾಲುವೆ ತೆಗೆದು, ತೊಟ್ಟಿಗೆ ತುಂಬಿ, ದಪ್ಪ ಕೊಳವೆಗಳಲ್ಲಿ ಇಳಿಜಾರಿಗೆ ಬಿಟ್ಟ ನೀರು ಯಂತ್ರ ತಿರುಗಿಸಿತು. ಇಂದಿಗೂ 42 ಮೆಗಾವಾಟಿನ ಆ ಕೇಂದ್ರ ನಡೆಯುತ್ತಿದೆ. ಬೇಸಿಗೆಯಲ್ಲಿ ಚುಕ್ಕಿಗಳು ಬರಿಬಂಡೆಯಾಗಿ ಕಾಣುವುದಕ್ಕೆ ಇದೂ ಒಂದು ಕಾರಣ: ಬಂಡೆಯ ಮೇಲಿಂದ ಧುಮುಕಬೇಕಿದ್ದ ನೀರು ಕೊಳವೆಯೊಳಗೆ ಇಳಿಯುತ್ತಿರುತ್ತದೆ. 'ಈ ಸಲ ನೀರೇ ಇರಲಿಲ್ಲ, ವೇಸ್ಟು' ಎಂದು ವಾಪಸಾಗುವ ಮಕ್ಕಳಿಗೆ, ನೀರು ಎಲ್ಲಿಗೆ ಹೋಯಿತು ಎಂದು ತೋರಿಸುವುದಕ್ಕಿಂತ ದೊಡ್ಡ ವಿಜ್ಞಾನದ ಪಾಠ ನಮ್ಮ ಸೀಮೆಯಲ್ಲಿ ಇಲ್ಲ. ಒಳಗೆ ಹೋಗಲು ಕರ್ನಾಟಕ ವಿದ್ಯುತ್ ನಿಗಮದ ಅನುಮತಿ ಬೇಕು, ಮೊದಲೇ ಪತ್ರ ಬರೆಯಬೇಕು. ಸಿಗದಿದ್ದರೆ ಹೊರಗಿನಿಂದಲೇ ಕೊಳವೆಗಳನ್ನು ತೋರಿಸಿ. ಇನ್ನೊಂದು ಸಂಗತಿಯನ್ನೂ ಹೇಳಿ. ಕರೆಂಟು ಮೊದಲು ಹೋದದ್ದು ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದೇ ಮೂರು ವರ್ಷದ ಮೇಲೆ, 1905ರಲ್ಲಿ. ನೀರು ಬಿದ್ದ ಜಾಗದವರ ತಲೆಯ ಮೇಲೆಯೇ ಬೆಳಕು ಹಾದುಹೋಯಿತು. ಪ್ರವಾಸಿಗರ ದುಡ್ಡಿಗೂ ಇದೇ ಚಾಳಿ: ಗಾಡಿಯ ಬಾಡಿಗೆ, ಡೀಸೆಲ್ಲು, ಟೋಲು, ಮನೆಯಿಂದ ತಂದ ಬುತ್ತಿ, ದಾರಿಯ ಅಂಗಡಿಯ ಕುರುಕಲು. ಐವತ್ತು ಜನರ ಬಸ್ಸು ಖರ್ಚು ಮಾಡಿದ ಸಾವಿರಾರು ರೂಪಾಯಿಯಲ್ಲಿ ದ್ವೀಪದ ಮೇಲೆ ಇಳಿದದ್ದು ಸೌತೆಕಾಯಿ-ಖಾರದ ಪುಡಿಯ ದುಡ್ಡು.

ಗಾಡಿಯ ಬಾಡಿಗೆಯ ಮಾತು ಬಂತು, ಅದೇ ನಿಮ್ಮ ಎರಡನೇ ಆಕ್ಷೇಪ ಎಂಬುದೂ ನನಗೆ ಗೊತ್ತು. ಗಾಡಿಯವನು ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರಿನ ದುಡ್ಡು ಎಂದು ಕಟ್ಟಿಸಿಕೊಳ್ಳುತ್ತಾನೆ, ಓಡಿಸಿದರೂ ಅಷ್ಟೆ, ನಿಲ್ಲಿಸಿದರೂ ಅಷ್ಟೆ. ಹಾಗಿದ್ದಮೇಲೆ ಓಡಿಸದೆ ಬಿಡುವುದು ಪೆದ್ದುತನವಲ್ಲವೇ? ಬಡವರ ಚೀಟಿ ದುಡ್ಡು, ಸಂಘದ ಉಳಿತಾಯ, ಮಕ್ಕಳ ಅಪ್ಪ-ಅಮ್ಮ ಕಷ್ಟದಲ್ಲಿ ಕೊಟ್ಟ ನೂರಿನ್ನೂರು. ಅದಕ್ಕೆ ತಕ್ಕ ಫಲ ಸಿಗಬೇಕು ಎಂಬ ಲೆಕ್ಕ ಸರಿಯಾದದ್ದೇ. ಆದರೆ ಕಿಲೋಮೀಟರನ್ನು ಫಲ ಎಂದು ಎಣಿಸುವುದು ತಪ್ಪು. ಆಲೆಮನೆಗೆ ಹೋದವರು ಗಾಣ ಎಷ್ಟು ಸುತ್ತು ಸುತ್ತಿತು ಎಂದು ಕೇಳುವುದಿಲ್ಲ, ಬೆಲ್ಲ ಎಷ್ಟು ಅಚ್ಚು ಬಂತು ಎನ್ನುತ್ತಾರೆ. ಪ್ರವಾಸ ಮುಗಿದು ತಿಂಗಳಾದ ಮೇಲೆ ಮಕ್ಕಳು ಒಂದು ಪುಟ ಬರೆಯಲಿ ಎಂದು ಹೇಳಿ ನೋಡಿ. ನಾಲ್ಕು ಊರು ಸುತ್ತಿದವರು ಹೊರಟದ್ದು, ಹಾಡಿದ್ದು, ಯಾರೋ ವಾಂತಿ ಮಾಡಿಕೊಂಡದ್ದು, ವಾಪಸಾದದ್ದು ಬರೆಯುತ್ತಾರೆ. ಅದರಲ್ಲಿ ಹೊಯ್ಸಳರೂ ಇರುವುದಿಲ್ಲ, ಕಾವೇರಿಯೂ ಇರುವುದಿಲ್ಲ. ವರ್ಷಕ್ಕೊಂದೇ ಸಲ ಮನೆಬಿಟ್ಟು ಹೊರಡುವ ಹೆಂಗಸರಿಗಂತೂ ಆ ದಿನ ಬಸ್ಸಿನಲ್ಲಿ ತೂಕಡಿಸುತ್ತ ಕಳೆಯುವುದು ದಂಡ. ಅವರಿಗೆ ಬೇಕಾದದ್ದು ಯಾರಿಗೂ ಅಡುಗೆ ಮಾಡದೆ, ಒಂದು ಹೊಂಗೆ ಮರದ ಕೆಳಗೆ ಕಾಲು ಚಾಚಿ ಕೂತು, ಹೊಳೆಯ ಸದ್ದು ಕೇಳುವ ಎರಡು ತಾಸು. ಪಟ್ಟಿಯಲ್ಲಿ ಊರು ಹೆಚ್ಚಿದಷ್ಟೂ ಆ ಎರಡು ತಾಸು ಸಿಗುವುದಿಲ್ಲ.

'ನಾವು ಓಡಿ ಬಂದರೂ ಬಂದದ್ದರಿಂದಲೇ ಅಲ್ಲಿಯವರಿಗೆ ವ್ಯಾಪಾರವಲ್ಲವೇ' ಎನ್ನುವವರು ಮದ್ದೂರಿನ ಕಡೆ ಒಮ್ಮೆ ನೋಡಬೇಕು. 2023ರಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಗಿ, ಗಾಡಿಗಳು ಊರಿನ ಹೊರಗಿನಿಂದಲೇ ಹಾರಿಹೋಗತೊಡಗಿದ ಮೇಲೆ, ವಡೆಯ ಅಂಗಡಿಗಳ ವ್ಯಾಪಾರ ಕುಸಿಯಿತು. ಚನ್ನಪಟ್ಟಣದ ಬೊಂಬೆಯವರದೂ ಅದೇ ಗೋಳು. ದಾರಿಯಲ್ಲಿ ಹೋಗುವವರ ಸಂಖ್ಯೆ ಕಡಿಮೆಯಾಗಲಿಲ್ಲ, ಇಳಿಯುವವರ ಸಂಖ್ಯೆ ಕಡಿಮೆಯಾಯಿತು. ಮದ್ದೂರು ತಾಲ್ಲೂಕಿನವರಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ: ಊರಿಗೆ ಬದುಕು ಕೊಡುವುದು ಹಾದುಹೋಗುವವರಲ್ಲ, ನಿಂತು ಕಾಫಿ ಕುಡಿಯುವವರು. ನಮ್ಮ ಊರನ್ನು ಹಾರಿಹೋದವರ ಮೇಲೆ ನಮಗಿರುವ ಮುನಿಸು, ನಾವು ಹಾರಿಹೋಗುವ ಊರುಗಳಿಗೆ ನಮ್ಮ ಮೇಲೆ ಇರಬಾರದೇಕೆ?

ನಮ್ಮ ನೆಲದ ಮೇಲೇ ಹಡಗಿನಿಂದ ಇಳಿದವರ ಚಿತ್ರವೊಂದು ಇದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ, ಸುಮಾರು ಕ್ರಿ.ಶ. ಎರಡನೇ ಶತಮಾನದ ಪಪೈರಸ್ ಹಾಳೆಯ ಮೇಲೆ ಒಂದು ಗ್ರೀಕ್ ಪ್ರಹಸನ. ಕ್ಯಾರಿಟಿಯನ್ ಎಂಬ ಗ್ರೀಕ್ ಹೆಣ್ಣು ಭಾರತದ ಕಡಲತೀರದ ರಾಜನೊಬ್ಬನ ವಶದಲ್ಲಿದ್ದಾಳೆ. ಅಣ್ಣನೋ ತಮ್ಮನೋ ಹಡಗು ಕಟ್ಟಿಕೊಂಡು ಬಂದು, ರಾಜನಿಗೂ ಅವನವರಿಗೂ ದ್ರಾಕ್ಷಿಯ ಮದ್ಯ ಕುಡಿಸಿ ಮತ್ತೇರಿಸಿ, ಅವಳನ್ನು ಹತ್ತಿಸಿಕೊಂಡು ಪರಾರಿಯಾಗುತ್ತಾನೆ. ಆ ರಾಜನ ಕಡೆಯವರು ಆಡುವ ಮಾತಿನಲ್ಲಿ ಕನ್ನಡವಿದೆ ಎಂದು 1904ರಲ್ಲಿ ಹುಲ್ಟ್‌ಷ್ ಎಂಬ ಜರ್ಮನ್ ವಿದ್ವಾಂಸ ಸೂಚಿಸಿದ. ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಆ ಎಳೆ ಹಿಡಿದು ದುಡಿದರು. ಅದು ಕನ್ನಡವೇ ಹೌದೇ ಎಂಬ ವಾದ ಇನ್ನೂ ಮುಗಿದಿಲ್ಲ, ಅದನ್ನು ಇಲ್ಲಿ ತೀರಿಸುವ ಉದ್ದೇಶವೂ ನನಗಿಲ್ಲ. ನನ್ನ ಗಮನ ಬೇರೆ ಕಡೆ. ಬರೆದವನಿಗೆ ಆ ಮಾತು ಅರ್ಥವಾಗಬೇಕಿರಲಿಲ್ಲ, ನೋಡುವವರು ನಕ್ಕರೆ ಸಾಕಿತ್ತು. ಹಡಗಿನಿಂದ ಇಳಿದು ಅವಸರದಲ್ಲಿ ಹತ್ತುವವನ ಕಿವಿಗೆ ಊರಿನವರ ಭಾಷೆ ಬರೀ ಸದ್ದಾಗಿ ಕೇಳುತ್ತದೆ. ಹದಿನೆಂಟು ಶತಮಾನಗಳ ಮೇಲೆ, ಕನ್ನಡ ಆಡುವ ನಾವು, ಸತ್ತೇಗಾಲದ ಹೆಣ್ಣುಮಗಳು ಮೀನಿನ ಹೆಸರು ಹೇಳುವುದನ್ನೋ, ಹರಿಗೋಲಿನವನು ಸುಳಿಯ ಹೆಸರು ಹೇಳುವುದನ್ನೋ ಕೇಳಿಸಿಕೊಳ್ಳದೆ ಹಾರನ್ ಹೊಡೆಸಿದರೆ, ನಮಗೂ ಆ ಪ್ರಹಸನದವನಿಗೂ ಏನು ವ್ಯತ್ಯಾಸ?

ಕೊನೆಯ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಒಪ್ಪಿಕೊಳ್ಳುತ್ತೇನೆ. ಹೆಚ್ಚು ಹೊತ್ತು ಹೊಳೆಯ ಬದಿಯಲ್ಲಿದ್ದರೆ ಹೆಚ್ಚು ಅಪಾಯ. ಮುತ್ತತ್ತಿಯಲ್ಲಿ, ಚುಕ್ಕಿಗಳ ಕೆಳಗೆ, ಈಜಲು ಇಳಿದ ಎಳೆಯರ ಸಾವಿನ ಸುದ್ದಿ ನಮ್ಮ ಜಿಲ್ಲೆಯ ಪತ್ರಿಕೆಗಳಿಗೆ ಹೊಸದಲ್ಲ. ಓಟದ ಪ್ರವಾಸದಲ್ಲಿ ಮಕ್ಕಳನ್ನು ಇಳಿಸಿ, ತಲೆ ಎಣಿಸಿ, ಹತ್ತಿಸಿಬಿಟ್ಟರೆ ಮೇಷ್ಟ್ರ ಎದೆ ಹಗುರ. ಈ ಭಯವನ್ನು ನಾನು ಕಡೆಗಣಿಸಲಾರೆ. ಆದರೆ ಇಲ್ಲಿಯ ಹೊಳೆಯ ಗುಣವನ್ನು ತಿಳಿಯದಿರುವುದೇ ಅಪಾಯದ ಬೇರು. ಕಬಿನಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. ಶಿವನಸಮುದ್ರ ಅದರ ಕೆಳಗಿದೆ. ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ, ವಯನಾಡಿನಲ್ಲಿ ಸುರಿದ ಮಳೆ, ಕನ್ನಂಬಾಡಿಯಲ್ಲಿ ಎತ್ತಿದ ಗೇಟಿನ ನೀರು ಬಂದು ಬಂಡೆ ಮುಳುಗಿಸಬಹುದು. ಒಂದು ತಾಸಿಗೆ ಬಂದವನು ಕಂಡದ್ದನ್ನೇ ಹೊಳೆ ಎಂದುಕೊಂಡು ಇಳಿಯುತ್ತಾನೆ. ಸ್ಥಳೀಯರೊಬ್ಬರನ್ನು ಕೂಲಿ ಕೊಟ್ಟು ದಿನವಿಡೀ ಜೊತೆಗಿಟ್ಟುಕೊಳ್ಳಿ, ನೀರಿಗೆ ಇಳಿಯುವುದೇ ಇಲ್ಲ ಎಂದು ಮೊದಲೇ ಕಟ್ಟಳೆ ಮಾಡಿ, ಸೆಲ್ಫಿಗೆಂದು ಬೇಲಿ ದಾಟಿದವರನ್ನು ಗಾಡಿಯಲ್ಲಿ ಕೂರಿಸಿ. ದೋಣಿ-ಹರಿಗೋಲಿನ ವಿಚಾರದಲ್ಲಿ ಜೀವರಕ್ಷಕ ಜಾಕೆಟ್ ಇಲ್ಲದಿದ್ದರೆ ಹತ್ತಲೇಬೇಡಿ. ಇಷ್ಟು ಮಾಡಿದರೂ ಅಪಾಯ ಸೊನ್ನೆಯಾಗುವುದಿಲ್ಲ. ಅವಸರದಲ್ಲಿ ಅದು ಕಡಿಮೆಯಾಗುತ್ತದೆ ಎಂಬ ಮಾತನ್ನು ಮಾತ್ರ ನಾನು ನಂಬುವುದಿಲ್ಲ.

ಶೌಚಾಲಯ, ನೆರಳು, ಕುಡಿಯುವ ನೀರು, ಕಸದ ಬುಟ್ಟಿ ಇವೆಲ್ಲ ಸರ್ಕಾರದ ಕೆಲಸ, ನಿಜ. ಎರಡು ಜಿಲ್ಲೆಗಳ ಗಡಿಯಲ್ಲಿ ಬಿದ್ದ ಜಾಗಕ್ಕೆ ಎರಡೂ ಕಡೆಯವರು ಮಲತಾಯಿಗಳು. ಜಲಪಾತೋತ್ಸವಕ್ಕೆ ಬಣ್ಣದ ದೀಪ ಹಾಕುವವರು ಉಳಿದ ದಿನಗಳಿಗೆ ಒಂದು ಬಲ್ಬು ಹಾಕಲಿ ಎಂದು ಕೇಳುವ ಹಕ್ಕು ನಮಗಿದೆ. ಆದರೆ ಮುಕ್ಕಾಲು ತಾಸಿಗೆ ಬಂದುಹೋಗುವವರು ಏನನ್ನೂ ಕೇಳುವುದಿಲ್ಲ. ಕೇಳುವಷ್ಟು ಹೊತ್ತು ಅವರು ಅಲ್ಲಿರುವುದೇ ಇಲ್ಲ.

ಈ ವರ್ಷದ ಪ್ರವಾಸದ ಪಟ್ಟಿ ಇನ್ನೇನು ಸಿದ್ಧವಾಗುತ್ತದೆ. ಶಾಲೆಗಳದು ಡಿಸೆಂಬರಿನಲ್ಲಿ, ಸಂಘಗಳದು ಸುಗ್ಗಿ ಮುಗಿದ ಮೇಲೆ. ಆಗ ಚುಕ್ಕಿಗಳಲ್ಲಿ ನೀರು ಕಡಿಮೆ ಇರುತ್ತದೆ, ಇರಲಿ. ಸೇತುವೆಯ ಕಂಬಗಳು ಬುಡದವರೆಗೆ ಕಾಣುವುದು ಆಗಲೇ. ಸಾಧ್ಯವಾದರೆ ಭಾನುವಾರ ಬಿಡಿ, ವಾರದ ನಡುವಿನ ದಿನ ಹಿಡಿಯಿರಿ. ಮನೆಯಿಂದ ಪುಳಿಯೋಗರೆ ಕಟ್ಟಿಕೊಂಡು ಹೋಗುವುದಾದರೆ ಹೋಗಿ, ಮೊಸರನ್ನೂ ಬಾಳೆಹಣ್ಣನ್ನೂ ಸೌತೆಯನ್ನೂ ಅಲ್ಲಿಯೇ ಕೊಳ್ಳಿ. ನೀವು ಬರೆದ ಪಟ್ಟಿಯಲ್ಲಿ ನಾಲ್ಕು ಹೆಸರಿದ್ದರೆ ಮೂರನ್ನು ಹೊಡೆದುಹಾಕಿ. ಹಾಗೆ ಮಾಡಿದರೆ ಮಧ್ಯಾಹ್ನ ಮೂರೂವರೆಯ ತನಕ ದ್ವೀಪದ ಮೇಲಿದ್ದು, ಸಂಜೆಯ ಹಾಲಿನ ಹೊತ್ತಿಗೆ ಭಾರತೀನಗರ ಸೇರಬಹುದು.

ಇಂತಿ,
ನಿಮ್ಮೂರಿನವನೊಬ್ಬ